ಅಘನಾಶಿನಿಯ ಜಾಡಿನಲ್ಲಿ ಮೂರು ದಿನ: ಶಿರಸಿಯಿಂದ ಗೋಕರ್ಣದವರೆಗೆ ಕಲ್ಲು ನೋಡುತ್ತಾ

ಶಿರಸಿ ಕಡೆ ಹೊರಟವರೆಲ್ಲ ಕೇಳುವುದು ಒಂದೇ: ಎರಡು ದಿನದಲ್ಲಿ ಎಷ್ಟು ಜಾಗ ಮುಗಿಸಬಹುದು? ನಾನೂ ಮೊದಲ ಸಲ ಹಾಗೇ ಪಟ್ಟಿ ಹಿಡಿದು ಓಡಿದ್ದೆ. ಫೋಟೋ ಸಿಕ್ಕಿತು, ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ. ಈ ಸಲ ಡಿಸೆಂಬರ್‌ನಲ್ಲಿ ಮೂರು ದಿನ ಇಟ್ಟುಕೊಂಡು, ಒಂದೇ ನದಿಯ ಬೆನ್ನು ಹಿಡಿದೆವು. ನಾನು, ನನ್ನ ಹೆಂಡತಿ, ಎಂಟನೇ ಕ್ಲಾಸಿನಲ್ಲಿ ಓದುವ ಅಕ್ಕನ ಮಗಳು.

ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತಾಳೆ. ನಡುವೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಕಲ್ಲು ಒಡೆಯುವುದು, ಕರಗುವುದು, ಮಣ್ಣಾಗುವುದು, ಕೊನೆಗೆ ಮರಳಾಗಿ ದಡಕ್ಕೆ ಬೀಳುವುದು, ಎಲ್ಲವೂ ಈ ಒಂದೇ ದಾರಿಯಲ್ಲಿ ಸಿಗುತ್ತದೆ. ಅದಕ್ಕೇ ಹೇಳುತ್ತೇನೆ, ಗೋಕರ್ಣದಿಂದ ಶುರು ಮಾಡಬೇಡಿ. ನೀರು ಇಳಿಯುವ ಕಡೆಗೇ ನೀವೂ ಇಳಿಯಿರಿ.

ಮೊದಲ ದಿನ ಉಂಚಳ್ಳಿ ಜಲಪಾತ. ಶಿರಸಿಯಿಂದ ಸುಮಾರು 35 ಕಿಲೋಮೀಟರ್, ಸಿದ್ದಾಪುರ ತಾಲೂಕು. ಬಸ್ ನಂಬಿಕೊಂಡರೆ ದಿನವೇ ಹೋಗುತ್ತದೆ, ಶಿರಸಿಯಲ್ಲೇ ಗಾಡಿ ಮಾಡಿಕೊಳ್ಳಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಮಳೆಗಾಲದಲ್ಲಿ ಆ ಮಾತು ನಡೆಯುವುದಿಲ್ಲ. ಹಿಂದೊಮ್ಮೆ ಜುಲೈನಲ್ಲಿ ಹೋಗಿ ಎರಡು ಗಂಟೆ ಕಾದು ಕೂತಿದ್ದೆ. ಬರೀ ಮಂಜು. ನೀರು ಕಾಣಲೇ ಇಲ್ಲ, ಸದ್ದು ಮಾತ್ರ. ಊರಿನವರು ಇದನ್ನು ಕೆಪ್ಪಜೋಗ ಅನ್ನುವುದು ಯಾಕೆ ಅಂತ ಅವತ್ತು ಅರ್ಥವಾಯಿತು.

ಈ ಸಲ ಬಿಸಿಲಿತ್ತು. 116 ಮೀಟರ್ ಎತ್ತರದಿಂದ ನೀರು ಮೆಟ್ಟಿಲು ಮೆಟ್ಟಿಲಾಗಿ ಬಂಡೆಗೆ ಬಡಿದು ಇಳಿಯುತ್ತಿತ್ತು. ಇಲ್ಲಿ ನೀರಿಗಿಂತ ಆಚೀಚಿನ ಬಂಡೆ ನೋಡಿ ಅನ್ನುವುದು ನನ್ನ ಸಲಹೆ. ಘಟ್ಟ ಅಂದರೆ ಹಿಮಾಲಯದ ಹಾಗೆ ಮೇಲೆದ್ದ ಬೆಟ್ಟದ ಸಾಲಲ್ಲ. ಇದು ಒಂದು ಪ್ರಸ್ಥಭೂಮಿಯ ಅಂಚು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟು ದೂರ ಸರಿಯಿತು. ಆಗಿನಿಂದ ಪಡುವಣದ ಕಡೆಗೆ ಇಳಿಯುವ ಹೊಳೆಗಳು ಈ ಅಂಚನ್ನು ಕೊರೆಯುತ್ತಲೇ ಇವೆ. ಜಲಪಾತದ ಬುಡದಲ್ಲಿ ಬಂಡೆ ಸವೆಯುತ್ತದೆ, ಮೇಲಿನದು ಆಸರೆ ತಪ್ಪಿ ಉರುಳುತ್ತದೆ, ಜಲಪಾತ ಚೂರು ಚೂರೇ ಹಿಂದಕ್ಕೆ ಹೋಗುತ್ತದೆ. ಕೆಳಗೆ ಕಾಣುವ ಆ ಆಳದ ಕಣಿವೆ ಹೀಗೆ ಆದದ್ದು.

ಎರಡನೇ ದಿನ ಪೂರ್ತಿ ಯಾಣಕ್ಕೆ ಇಡಿ. ಶಿರಸಿಯಿಂದ 40 ಕಿಲೋಮೀಟರ್, ಕುಮಟಾದಿಂದ 30ರ ಆಸುಪಾಸು. ಗಾಡಿ ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡಿಗೆ, ಕೊನೆಗೆ ಮೆಟ್ಟಿಲು. ‘ಸೊಕ್ಕಿದ್ದವನು ಯಾಣಕ್ಕೆ ಹೋಗ್ತಾನೆ, ರೊಕ್ಕ ಇದ್ದವನು ಗೋಕರ್ಣಕ್ಕೆ ಹೋಗ್ತಾನೆ’ ಅನ್ನುವ ಮಾತು ಹುಟ್ಟಿದ್ದು ರಸ್ತೆ ಇಲ್ಲದ ಕಾಲದಲ್ಲಿ. ಈಗ ವಯಸ್ಸಾದವರೂ ನಿಧಾನಕ್ಕೆ ಹತ್ತುತ್ತಾರೆ.

ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಮರಗಳ ಸಂದಿಯಿಂದ ಆ ಕರಿ ಗೋಡೆ ಒಮ್ಮೆಗೇ ಎದುರಾದಾಗ ಮಾತು ನಿಲ್ಲುತ್ತದೆ. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ, ಅದಕ್ಕೇ ಕಪ್ಪು ಅನ್ನುತ್ತದೆ ಪುರಾಣ. ಕಲ್ಲಿನ ಕಥೆ ಬೇರೆ, ಅದೂ ಅಷ್ಟೇ ಚೆಂದ. ಇದು ಸುಣ್ಣದಕಲ್ಲು. ಮಳೆ ನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು, ಕಾಡಿನ ಮಣ್ಣಿನಲ್ಲಿ ಇನ್ನೂ ಜಾಸ್ತಿ, ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣದಕಲ್ಲನ್ನು ಕರಗಿಸುತ್ತದೆ. ಎಲ್ಲಿ ಬಿರುಕಿದೆಯೋ ಅಲ್ಲಿ ಮೊದಲು. ಬಿರುಕು ಅಗಲವಾಗಿ ಸಂದಿ, ಸಂದಿ ಬೆಳೆದು ಗುಹೆ. ಶಿಖರದ ಒಳಗೆ ನಡೆದುಹೋಗುವ ದಾರಿ ಇದೆಯಲ್ಲ, ಅದು ನೀರು ಬಿಡಿಸಿದ ದಾರಿ. ಗುಹೆಯ ಶಿವಲಿಂಗದ ಮೇಲೆ ತೊಟ್ಟಿಕ್ಕುವ ನೀರನ್ನು ಒಂದು ನಿಮಿಷ ಸುಮ್ನೆ ನಿಂತು ನೋಡಿ. ಕೆಲಸ ಇನ್ನೂ ನಡೆಯುತ್ತಿದೆ.

ಅಕ್ಕನ ಮಗಳು ಕಲ್ಲಿನ ಮೇಲೆ ಕೈಯಾಡಿಸಿ, “ಮಾಮ, ಗರಗಸದ ಹಾಗಿದೆ” ಅಂದಳು. ನಿಜ. ನೀರು ಹರಿದ ಕಡೆ ಗೀರು, ನಡುವೆ ಚೂಪು ಅಂಚು. ಆಮೇಲೆ ಅವಳೇ ಕೇಳಿದಳು, “ಸುಣ್ಣದಕಲ್ಲು ಚಿಪ್ಪಿನಿಂದ ಆಗೋದಲ್ವಾ, ಚಿಪ್ಪು ಎಲ್ಲಿ?” ಶಾಲೆಯಲ್ಲಿ ಕಲಿತದ್ದು ತಪ್ಪಲ್ಲ. ಆದರೆ ಈ ಭಾಗದ ಬಂಡೆಗಳು, ಭೂವಿಜ್ಞಾನಿಗಳು ಧಾರವಾಡ ಶಿಲೆಗಳು ಅನ್ನುವವು, 250 ಕೋಟಿ ವರ್ಷಕ್ಕಿಂತ ಹಳೆಯವು. ಆಗ ಚಿಪ್ಪಿನ ಪ್ರಾಣಿಗಳೇ ಹುಟ್ಟಿರಲಿಲ್ಲ. ಆ ಕಾಲದ ಸಮುದ್ರದಲ್ಲಿ ಕರಗಿದ್ದ ಸುಣ್ಣ ನೀರಿನಿಂದಲೇ ಬೇರೆಯಾಗಿ ತಳಕ್ಕೆ ಕೂರುತ್ತಿತ್ತು, ಸೂಕ್ಷ್ಮಜೀವಿಗಳೂ ಕೈಜೋಡಿಸುತ್ತಿದ್ದವು. ನಾವು ಹತ್ತಿ ನಿಂತದ್ದು ಅಂಥ ಸಮುದ್ರದ ತಳ.

ಯಾಣದಲ್ಲಿ ಮೂರು ವಿಷಯ ನೆನಪಿಡಿ. ಬಂಡೆಯಲ್ಲಿ ದೊಡ್ಡ ಹೆಜ್ಜೇನು ಗೂಡುಗಳಿವೆ, ಕೂಗಾಟ ಬೇಡ, ಸೆಂಟ್ ಬೇಡ, ಹೊಗೆಯಂತೂ ಬೇಡವೇ ಬೇಡ. ಮಳೆಗಾಲ ಮುಗಿದ ಹೊಸದರಲ್ಲಿ ಉಂಬಳ, ಅಂದರೆ ಜಿಗಣೆ, ಇರುತ್ತವೆ, ಸುಣ್ಣ ತಂಬಾಕು ಕಲಸಿ ಕಾಲಿಗೆ ಹಚ್ಚಿಕೊಳ್ಳುವುದು ಇಲ್ಲಿಯವರ ಪದ್ಧತಿ. ಚಪ್ಪಲಿ ಬಿಟ್ಟು ಹಿಡಿತ ಇರುವ ಶೂ ಹಾಕಿ. ನನ್ನ ಹೆಂಡತಿ ಒದ್ದೆ ಮೆಟ್ಟಿಲಿನಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು, ಆಮೇಲೆ ವಾಪಸ್ ಬರುವವರೆಗೂ ಬ್ಯಾಗ್ ಎತ್ತಲಾಗಲಿಲ್ಲ.

ಯಾಣದ ಚಂಡಿಹೊಳೆ ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿಗೆ ಸೇರುತ್ತದೆ. ಶಿಖರದಿಂದ ಕರಗಿದ ಸುಣ್ಣ ಅದೇ ದಾರಿ ಹಿಡಿದು ಅಳಿವೆಗೆ, ಅಂದರೆ ನದಿ ಕಡಲು ಸೇರುವ ಜಾಗಕ್ಕೆ, ಬರುತ್ತದೆ. ಸಮುದ್ರದ ನೀರಿನಲ್ಲೂ ಸುಣ್ಣವಿದೆ. ಆ ಅಳಿವೆಯ ಬಳಚು ಅನ್ನುವ ಚಿಪ್ಪಿನ ಜೀವಿ ತನ್ನ ಚಿಪ್ಪು ಕಟ್ಟಿಕೊಳ್ಳುವುದು ನೀರಿನಲ್ಲಿ ಕರಗಿದ ಇಂಥ ಸುಣ್ಣದಿಂದಲೇ. ಕುಮಟಾದಲ್ಲಿ ಊಟದ ತಟ್ಟೆಯ ಬಳಚಿನ ಚಿಪ್ಪಿನ ಮೇಲೆ ನಿಂಬೆರಸ ಹಿಂಡಿ ನೋಡಿದೆವು. ಸಣ್ಣ ಸಣ್ಣ ಗುಳ್ಳೆ ಎದ್ದವು. ಯಾಣದಲ್ಲಿ ಕಾಣದಷ್ಟು ನಿಧಾನಕ್ಕೆ ಆಗುವುದು ಇಲ್ಲಿ ಕಣ್ಣೆದುರು ಆಯಿತು.

ಮೂರನೇ ದಿನ ಮಿರ್ಜಾನ್ ಕೋಟೆ, ಕುಮಟಾದಿಂದ 11 ಕಿಲೋಮೀಟರ್. ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ನೆನೆಯುವ ಕೋಟೆ. ಎಲ್ಲರೂ ಹುಲ್ಲು ಹಸಿರಾದ ಗೋಡೆಯ ಫೋಟೋ ತೆಗೆಯುತ್ತಾರೆ. ನೀವು ಒಂದು ಕಲ್ಲಿಗೆ ಮುಖ ಹತ್ತಿರ ಒಯ್ಯಿರಿ. ತೂತು ತೂತು, ಕೆಲವು ತೂತಿನಲ್ಲಿ ಹಳದಿ ಜೇಡಿ, ಸುತ್ತ ತುಕ್ಕಿನ ಕೆಂಪು. ಇದೇ ಚಿರೆಕಲ್ಲು, ಪುಸ್ತಕದಲ್ಲಿ ಜಂಬಿಟ್ಟಿಗೆ. ಜಾಸ್ತಿ ಮಳೆ, ಆಮೇಲೆ ಸುಡು ಬಿಸಿಲು, ಹೀಗೆ ಲಕ್ಷಾಂತರ ವರ್ಷ ನಡೆದಾಗ ಗಟ್ಟಿ ಬಂಡೆಯೇ ಕೊಳೆಯುತ್ತದೆ. ಕರಗುವ ಅಂಶಗಳೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಕೋಟೆಯ ಹತ್ತಿರ ಸಿಕ್ಕ ಹಿರಿಯರೊಬ್ಬರು ಹಿಂದೆ ಕಲ್ಲು ಕಡಿಯುವ ಕೆಲಸದಲ್ಲಿದ್ದವರು. “ತಮಾ, ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ” ಅಂದರು. 1807ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ ಫ್ರಾನ್ಸಿಸ್ ಬುಕನನ್ ಮಲಬಾರಿನಲ್ಲಿ ಗಮನಿಸಿ ಬರೆದದ್ದೂ ಇದನ್ನೇ.

ಇಲ್ಲೇ ಒಂದು ಎಚ್ಚರಿಕೆ. ಬಂಡೆ ಕೊಳೆತು ಆದ ದಪ್ಪ ಮಣ್ಣು ಗುಡ್ಡಗಳ ಮೇಲೆ ಹೊದಿಕೆಯ ಹಾಗೆ ಕೂತಿದೆ. ಬುಡ ಕಡಿದ ಕಡೆ ಎಡೆಬಿಡದ ಮಳೆ ಇಳಿದರೆ ಅದು ನೀರು ಕುಡಿದು ಭಾರವಾಗಿ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದ ಜನ ಗಂಗಾವಳಿ ನದಿಯ ಪಾಲಾದರು. ರೆಡ್ ಅಲರ್ಟ್ ಇದ್ದ ದಿನ ಘಟ್ಟ ಇಳಿಯಬೇಡಿ, ಗುಡ್ಡದ ಬುಡದಲ್ಲಿ ಚಹಾಕ್ಕೂ ಗಾಡಿ ನಿಲ್ಲಿಸಬೇಡಿ. ರೂಮಿನ ದುಡ್ಡು ಹೋದರೆ ಹೋಗಲಿ.

ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ ಸಿಗುತ್ತದೆ. ಜನವರಿಯ ನಂತರ ಹೋದರೆ ಉಪ್ಪು ಹರಳುಗಟ್ಟುವುದು ನೋಡಲು ಸಿಗುತ್ತದೆ, ನಮಗೆ ತಪ್ಪಿತು.

ಸಂಜೆ ಕುಡ್ಲೆ ಕಡಲತೀರ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದೆವು, ನೀವೂ ತನ್ನಿ. ಅಲೆ ಹಿಂದೆ ಸರಿದ ಕಡೆ ಮರಳಿನಲ್ಲಿ ಕಪ್ಪು ಗೆರೆ ಇರುತ್ತದೆ, ಅಲ್ಲಿ ಎಳೆದರೆ ಕರಿ ಕಣಗಳು ಮೀಸೆಯ ಹಾಗೆ ಅಂಟಿಕೊಳ್ಳುತ್ತವೆ. ಅವು ಕಬ್ಬಿಣದ ಅಂಶದವು. ಅಂಟದೆ ಉಳಿದ ಹೊಳೆಯುವ ಬಿಳಿ ಕಣ ಹೆಚ್ಚಾಗಿ ಬೆಣಚುಕಲ್ಲಿನದು. ದಾರಿಯಲ್ಲಿ ಬೇರೆಲ್ಲ ಜೇಡಿಯಾಗಿ ಕರಗಿದರೂ ಅದು ಕರಗದೆ ಬರುತ್ತದೆ. ಅಕ್ಕನ ಮಗಳು ಕತ್ತಲಾಗುವವರೆಗೂ ಎರಡು ಗುಡ್ಡೆ ಬೇರೆ ಮಾಡುತ್ತಾ ಕೂತಿದ್ದಳು, ರಾತ್ರಿ ಅಲೆ ಬಂದು ಎರಡನ್ನೂ ಸೇರಿಸಿಬಿಟ್ಟಿತ್ತು.

ವಾಪಸ್ ಬರಲು ಗೋಕರ್ಣ ರೋಡ್ ಸ್ಟೇಷನ್ ಇದೆ. ಪೇಟೆಯಿಂದ ಸ್ವಲ್ಪ ದೂರ, ಆಟೋಕ್ಕೆ ಹಿಂದಿನ ದಿನವೇ ಹೇಳಿಡಿ.