ಬ್ರೇಕ್ ಒತ್ತಿದಾಗ ‘ಟಕ್’, ನೇರ ರಸ್ತೆಯಲ್ಲಿ ಎಳೆತ

ನನ್ನ ಲಾರಿ ಹಳೆಯದು. ಮುಂದೆ ಎರಡೂ ಚಕ್ರಗಳ ನಡುವೆ ಅಡ್ಡಲಾಗಿ ಒಂದೇ ಆ್ಯಕ್ಸಲ್, ಎರಡೂ ಕಡೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಕಟ್ಟು), ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಪಿನ್), ಪವರ್ ಇಲ್ಲದ ಸ್ಟೀರಿಂಗ್. ಈಚೆಗೆ ಎರಡು ತೊಂದರೆ ಒಟ್ಟಿಗೇ ಶುರುವಾದವು. ಬ್ರೇಕ್ ಒತ್ತಿದ ತಕ್ಷಣ ಮುಂದೆ ಎಲ್ಲೋ ‘ಟಕ್’ ಎನ್ನುವ ಸದ್ದು. ನೇರ ರಸ್ತೆಯಲ್ಲಿ ಗಾಡಿ ಸಣ್ಣಗೆ ಅತ್ತಿತ್ತ ಎಳೆಯುತ್ತಿತ್ತು, ಸ್ಟೀರಿಂಗ್ ತಿದ್ದುತ್ತಲೇ ಇರಬೇಕಿತ್ತು.

ಇದನ್ನು ಯಾರಿಗೆ ಹೇಳಿದರೂ ಎರಡರಲ್ಲಿ ಒಂದು ಸಲಹೆ ಸಿಗುತ್ತದೆ. ಟೈ ರಾಡ್ (ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಸರಳು) ಎಂಡ್ ಬದಲಾಯಿಸಿ, ಇಲ್ಲವೇ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗಿನ ಗೇರ್ ಇರುವ ಪೆಟ್ಟಿಗೆ) ಸ್ವಲ್ಪ ಟೈಟ್ ಮಾಡಿ. ನಾನು ಎರಡನ್ನೂ ಒಪ್ಪುವುದಿಲ್ಲ. ಸವೆದಿರುವುದು ಯಾವುದು ಎಂದು ಕೈಗೆ ಗೊತ್ತಾಗುವವರೆಗೆ ಸ್ಪ್ಯಾನರ್ ಮುಟ್ಟಬಾರದು. ಸದ್ದು ಚಾಸಿ (ಗಾಡಿಯ ಚೌಕಟ್ಟು) ಉದ್ದಕ್ಕೂ ಹರಡುತ್ತದೆ. ಎಡಗಡೆ ಹುಟ್ಟಿದ್ದು ಸೀಟಿನಲ್ಲಿ ಕೂತವರಿಗೆ ಬಲಗಾಲಿನ ಕೆಳಗೇ ಕೇಳಿಸಬಹುದು. ಕಿವಿಯನ್ನೇ ನಂಬಿದರೆ ಸರಿಯಾಗಿರುವ ಪಾರ್ಟ್ಸ್ ಬಿಚ್ಚಿ ಎಸೆಯುತ್ತೇವೆ, ಕೆಟ್ಟಿದ್ದು ಅಲ್ಲೇ ಉಳಿಯುತ್ತದೆ.

ಮೊದಲು ಟೈರಿನ ಗಾಳಿ ಮತ್ತು ವೀಲ್ ನಟ್ ನೋಡಿದೆ. ಇಷ್ಟಕ್ಕೆ ಜಾಸ್ತಿ ಹೊತ್ತು ಬೇಡ. ಆದರೆ ಬಿಡಬಾರದು.

ಆಮೇಲೆ ನಿಜವಾದ ಕೆಲಸ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಬದಿ ಮರದ ತುಂಡು ಕೊಟ್ಟೆ. ಈ ಪರೀಕ್ಷೆಗೆ ಮುಂದಿನ ಚಕ್ರ ಎತ್ತಬಾರದು. ಟೈರು ನೆಲ ಕಚ್ಚಿಕೊಂಡಿದ್ದರೆ ತಾನೇ ಜಾಯಿಂಟ್‌ಗಳ ಮೇಲೆ ಒತ್ತಡ ಬೀಳುವುದು? ನನ್ನ ಹೆಂಡತಿ ಸ್ಟೀರಿಂಗ್ ಹಿಡಿದು ಸಣ್ಣಗೆ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದಳು. ಪೂರ್ತಿ ತಿರುಗಿಸುವುದಲ್ಲ, ಪ್ಲೇ (ಸಡಿಲ) ಇರುವಷ್ಟೇ. ನಾನು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟುಕೊಂಡು ಹೋದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಡಿಲವೂ ಬೆರಳಿಗೆ ತಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಇದನ್ನೇ ಎಂಜಿನ್ ಓಡುತ್ತಿರುವಾಗ ಮಾಡಬೇಕು.

ನೋಡಬೇಕಾದದ್ದು ಇಷ್ಟೇ: ಚಲನೆ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು? ಸ್ಟೀರಿಂಗ್ ಕಾಲಮ್ಮಿನ ಕ್ರಾಸ್ (ಓರೆಯಾಗಿ ಸೇರುವ ಶಾಫ್ಟ್‌ಗಳ ಜಾಯಿಂಟ್) ಸರಿಯಿತ್ತು. ಬಾಕ್ಸ್ ಚಾಸಿಗೆ ಬಿಗಿಯಾಗಿ ಕೂತಿತ್ತು. ಬೋಲ್ಟ್ ಸುತ್ತ ಬಿರುಕೂ ಇರಲಿಲ್ಲ. ಶಾಫ್ಟ್ ತಿರುಗಿದ ಕೂಡಲೇ ಡ್ರಾಪ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು) ಅಲುಗುತ್ತಿತ್ತು. ಅಂದರೆ ಬಾಕ್ಸ್ ಒಳಗೆ ಪ್ಲೇ ಇಲ್ಲ. ಡ್ರಾಪ್ ಆರ್ಮ್‌ನಿಂದ ಡ್ರ್ಯಾಗ್ ಲಿಂಕ್‌ಗೆ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ಸರಳು) ಸೇರುವ ಜಾಯಿಂಟ್‌ನಲ್ಲಿ ಸಡಿಲ ಸಿಕ್ಕಿತು. ಮೊದಲು ಜಾಯಿಂಟಿನೊಳಗಿನ ಬಾಲ್ (ಗುಂಡು) ಅಲುಗುತ್ತಿತ್ತು, ಒಂದು ಕ್ಷಣ ತಡೆದು ಲಿಂಕ್ ಅಲುಗುತ್ತಿತ್ತು. ಜಾಯಿಂಟಿನ ರಬ್ಬರ್ ಬೂಟ್ (ಹೊದಿಕೆ) ಹರಿದು ಒಳಗೆ ಧೂಳು ತುಂಬಿತ್ತು.

ಇಂಥ ಹೊತ್ತಿನಲ್ಲಿ ಬಾಕ್ಸ್‌ನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿದ್ದರೆ ಏನಾಗುತ್ತಿತ್ತು? ಕೈಗೆ ಪ್ಲೇ ಕಡಿಮೆ ಅನಿಸುತ್ತಿತ್ತು, ಅಷ್ಟೇ. ಸವೆದ ಬಾಲ್ ಹಾಗೇ ಇರುತ್ತಿತ್ತು. ಅದು ಕಳಚಿಕೊಂಡರೆ ಸ್ಟೀರಿಂಗ್ ಕೈಯಲ್ಲಿರುತ್ತದೆ, ಚಕ್ರದ ಮೇಲೆ ಹಿಡಿತವೇ ಇರುವುದಿಲ್ಲ. ಇದಕ್ಕೇ ನನಗೆ ಆ ಸಲಹೆ ಕಂಡರೆ ಸಿಟ್ಟು. ಬಾಕ್ಸ್‌ನಲ್ಲೇ ಪ್ಲೇ ಇದ್ದರೂ ಸ್ಕ್ರೂ ತಿರುಗಿಸುವಾಗ ಚಕ್ರ ನೇರ ಇರಬೇಕು. ಗೇರ್ ಬಿಗಿಯಾಗಿ ಕೂರುವುದು ನಡುಮಧ್ಯದಲ್ಲಿ. ಪಕ್ಕಕ್ಕೆ ತಿರುಗಿಸಿಟ್ಟು ಬಿಗಿ ಮಾಡಿದರೆ ನೇರಕ್ಕೆ ಬಂದಾಗ ಹಿಡಿದುಕೊಳ್ಳುತ್ತದೆ.

ಟೈ ರಾಡ್ ಬಗ್ಗೆ ಒಂದು ಮಾತು. ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿದರೆ ಸ್ವಲ್ಪ ಹೊರಳುತ್ತದೆ. ಅದು ಸಹಜ, ಬಾಲ್ ಜಾಯಿಂಟ್ ಇರುವುದೇ ಅದಕ್ಕೆ. ಬಾಲ್ ತನ್ನ ಗೂಡಿನೊಳಗೆ ಮೇಲೆ ಕೆಳಗೆ ಕುಣಿದರೆ, ಇಲ್ಲವೇ ಎಳೆದು ತಳ್ಳಿದಾಗ ಕಟಕಟ ಅಂದರೆ ಮಾತ್ರ ಸವೆದಿದೆ ಎಂದು ಅರ್ಥ.

ಇನ್ನು ಆ ‘ಟಕ್’. ಆ್ಯಕ್ಸಲ್ ಕೆಳಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಬಲಗಡೆ ಏನೂ ಇಲ್ಲ. ಎಡಗಡೆ ಸಣ್ಣ ಪ್ಲೇ. ಇದು ವೀಲ್ ಬೇರಿಂಗೋ ಕಿಂಗ್ ಪಿನ್ನೋ? ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿದರೆ ತಿಳಿಯುತ್ತದೆ. ಬ್ರೇಕ್ ಹಿಡಿದಾಗ ಡ್ರಮ್ಮು ಚಕ್ರ ಕೂರುವ ಸ್ಟಬ್ ಆ್ಯಕ್ಸಲ್ಲಿಗೆ ಕಚ್ಚಿಕೊಳ್ಳುತ್ತದೆ, ಬೇರಿಂಗ್ ಪ್ಲೇ ಮಾಯವಾಗುತ್ತದೆ. ಕಿಂಗ್ ಪಿನ್ನಿನದಾದರೆ ಉಳಿಯುತ್ತದೆ. ಉಳಿಯಿತು. ಆದರೆ ಅಷ್ಟು ಗಟ್ಟಿ ಸದ್ದು ಬರುವಷ್ಟು ಪ್ಲೇ ಅದಲ್ಲ.

ಉತ್ತರ ಸಿಕ್ಕಿದ್ದು ಸ್ಪ್ರಿಂಗ್ ಹತ್ತಿರ. ಬಲಗಡೆ, ಸ್ಪ್ರಿಂಗನ್ನು ಆ್ಯಕ್ಸಲ್ಲಿಗೆ ಬಿಗಿದಿರುವ ಯು ಬೋಲ್ಟ್ ಬುಡದಲ್ಲಿ ಕೆಂಪು ತುಕ್ಕಿನ ಪುಡಿ, ಪಕ್ಕದಲ್ಲೇ ಉಜ್ಜಿ ಹೊಳೆಯುವ ಗೆರೆ. ಕಬ್ಬಿಣದ ಮೇಲೆ ಕಬ್ಬಿಣ ಜರುಗಿದರೆ ಬೀಳುವ ಗುರುತು ಅದು. ತೊಳೆಯುವ ಮೊದಲೇ ನೋಡಿ ಎಂದು ಹೇಳುವುದು ಇದಕ್ಕೇ. ನೀರು ಬಿಟ್ಟರೆ ಆ ಪುಡಿ ಹೋಗಿಬಿಡುತ್ತದೆ. ಗಾಡಿ ಇಳಿಸಿ, ಹೆಂಡತಿಗೆ ನಿಧಾನಕ್ಕೆ ಮುಂದೆ ಬಿಟ್ಟು ಬ್ರೇಕ್ ಹಾಕಲು ಹೇಳಿ, ನಾನು ಪಕ್ಕಕ್ಕೆ ಸ್ವಲ್ಪ ದೂರ ನಿಂತು ನೋಡಿದೆ. ಪ್ರತಿ ಸಲವೂ ಸ್ಪ್ರಿಂಗ್ ಕೆಳಗೆ ಆ್ಯಕ್ಸಲ್ ಕೂದಲೆಳೆಯಷ್ಟು ಜರುಗುತ್ತಿತ್ತು. ಸ್ಪ್ರಿಂಗ್ ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ಮಾತ್ರ ತುಂಡಾಗಿರಲಿಲ್ಲ. ಅದು ತುಂಡಾಗಿದ್ದರೆ ಆ್ಯಕ್ಸಲ್ ಒಂದು ಕಡೆ ಹಿಂದೆ ಸರಿದು ಚಕ್ರವೇ ಓರೆಯಾಗುತ್ತಿತ್ತು.

ಹಳೆಯ ಯು ಬೋಲ್ಟ್ ಎಳೆದು ಉದ್ದವಾಗಿರುತ್ತದೆ, ಸುಮ್ನೆ ಬಿಗಿ ಮಾಡಿದರೆ ನಿಲ್ಲುವುದಿಲ್ಲ. ಹೊಸದು ಹಾಕಿ, ಎದುರುಬದುರು ನಟ್ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಲೋಡ್ ಹಾಕಿ ಓಡಿಸಿದ ಮೇಲೆ ಇನ್ನೊಮ್ಮೆ ಟಾರ್ಕ್ (ನಟ್ ಬಿಗಿತ) ನೋಡಿದೆ. ಡ್ರ್ಯಾಗ್ ಲಿಂಕ್ ಎಂಡ್ ಬಿಚ್ಚುವ ಮೊದಲು ಹೊರಗೆ ಕಾಣುವ ಮರೆ (ತಿರುಪಿನ ಸುತ್ತು) ಎಣಿಸಿಟ್ಟುಕೊಂಡೆ, ಹೊಸದನ್ನೂ ಅಷ್ಟೇ ಒಳಕ್ಕೆ ಕೂರಿಸಿದೆ. ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೂತು ಎದುರಿಗೆ ಬರದಿದ್ದರೆ ನಟ್ ಇನ್ನಷ್ಟು ಬಿಗಿ ಮಾಡಬೇಕು. ಹಿಂದಕ್ಕೆ ಮಾತ್ರ ಸಡಿಲಿಸಬಾರದು.

‘ಟಕ್’ ಹೋಯಿತು, ಎಳೆತವೂ ಹೋಯಿತು. ಎಡಗಡೆ ಕಿಂಗ್ ಪಿನ್‌ಗೆ ಚಕ್ರ ಎತ್ತಿಟ್ಟೇ ಗ್ರೀಸ್ ಹೊಡೆದಿದ್ದೇನೆ. ಭಾರ ಇಳಿಸಿದರೆ ಮಾತ್ರ ಒತ್ತಿಕೊಂಡ ಜಾಗಕ್ಕೂ ಗ್ರೀಸ್ ಹೋಗುತ್ತದೆ. ಆದರೆ ಪಿನ್ ಸುತ್ತಲಿನ ಸವೆದ ಬುಷ್ ಗ್ರೀಸಿನಿಂದ ಸರಿಹೋಗುವುದಿಲ್ಲ. ಎರಡೂ ಕಡೆಯ ಕಿಂಗ್ ಪಿನ್ ಸೆಟ್ ತರಬೇಕು. ಅದಾದ ಮೇಲೆ ಮುಂದಿನ ಚಕ್ರಗಳ ನೇರ ಹೊಂದಿಸುವ ಟೋ ಅಲೈನ್‌ಮೆಂಟ್.