ಕಾಫಿ ಕಣದಲ್ಲಿ ಕೂಡಿದ ಸಭೆ

ಪೋಷಕರ ಮೊದಲ ಸಭೆಯನ್ನು ನಾವು ಶಿಕ್ಷಕರು ಕರೆದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಜನವರಿ ತಿಂಗಳು, ರೋಬಸ್ಟಾ ಕಾಫಿ ಕೊಯ್ಲಿನ ಭರಾಟೆ. ಕೊಡಗಿನ ಸಿದ್ದಾಪುರದ ಸುತ್ತಮುತ್ತ ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವ ಅಮ್ಮಂದಿರು ಆ ಹೊತ್ತಿಗೆ ಗಿಡದ ಬುಡ ಬಿಟ್ಟು ಬಂದರೆ ಅಂದಿನ ದುಡಿಮೆ ಹೋದಂತೆಯೇ. ನಮ್ಮ ಸರ್ಕಾರಿ ಪ್ರೌಢಶಾಲೆಯ ಮಕ್ಕಳಲ್ಲಿ ಬಹುಪಾಲು ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು. ಸಭೆಗೆ ಬಂದವರು ಏಳು ಮಂದಿ, ಎಲ್ಲರೂ ಗಂಡಸರು. ಮುಂದಿನ ವರ್ಷದ ಗುರಿಗಳನ್ನು ನಾವು ಶಿಕ್ಷಕರೇ ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆವು. ಮೊದಲ ಸಾಲು: ‘ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ.’ ಏಳೂ ಮಂದಿ ತಲೆಯಾಡಿಸಿದರು, ಸಹಿ ಹಾಕಿದರು, ಚಹಾ ಕುಡಿದು ಹೊರಟರು.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಆ ಸಮಿತಿಯೇ ಸಿದ್ಧಪಡಿಸಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಕಾಯ್ದೆ ಎಂಟನೇ ತರಗತಿಗೆ ನಿಲ್ಲುತ್ತದೆ, ನಿಜ. ಆದರೆ ಮಗು ಒಂಬತ್ತಕ್ಕೆ ಕಾಲಿಟ್ಟ ಮಾತ್ರಕ್ಕೆ ಅದರ ತಾಯಿಯ ಮಾತಿಗೆ ಬೆಲೆ ಇಲ್ಲವಾಗುತ್ತದೆಯೇ?

ಮುಖ್ಯೋಪಾಧ್ಯಾಯರು ತೋಟದ ಮಾಲೀಕರನ್ನು ಕೇಳಿ ಒಪ್ಪಿಸಿದರು. ಶುಕ್ರವಾರ ಸಂಜೆ ಚಾರ್ಟನ್ನು ಸುರುಳಿ ಸುತ್ತಿಕೊಂಡು, ಹಣ್ಣು ತೂಗುವ ಕಣಕ್ಕೆ ನಾವೇ ಹೋದೆವು. ಮೂಟೆಗಳ ಮೇಲೆ, ಕಣದ ಕಟ್ಟೆಯ ಮೇಲೆ ಹೆಂಗಸರು ಕುಳಿತರು. ಕೊಡವ ತಕ್ಕ್, ಮಲಯಾಳಂ, ತಮಿಳು, ಯರವ ಭಾಷೆ ಎಲ್ಲವೂ ಅಲ್ಲಿದ್ದವು. ಕನ್ನಡದಲ್ಲಿ ಹೇಳಲು ತಡವರಿಸಿದವರ ಮಾತನ್ನು ಅವರ ಮಕ್ಕಳೇ ನಮಗೆ ತಿಳಿಸಿದರು.

ಯರವ ಸಮುದಾಯದ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ತೂಕದ ಚೀಟಿ ತೆಗೆದು ನನ್ನ ಕೈಗಿಟ್ಟರು. ಅವರ ಬೆರಳುಗಳು ಹಣ್ಣಿನ ಸಿಪ್ಪೆಯ ರಸಕ್ಕೆ ಕಪ್ಪಾಗಿದ್ದವು. ಮೂರು ದಿನದ ತೂಕ: 38.5, 44, 41.5. ಕೆಳಗೆ ದರ, ಅದರ ಕೆಳಗೆ ಮುಂಗಡ ಮುರಿದುಕೊಂಡ ಲೆಕ್ಕ.

“ಇವಳು ಒಂಬತ್ತನೇ ಕ್ಲಾಸು, ಟೀಚರ್. ಈ ಚೀಟಿ ಓದಿ ಹೇಳು ಎಂದರೆ ಗೊತ್ತಾಗುವುದಿಲ್ಲ ಎನ್ನುತ್ತಾಳೆ.”

ಈ ಮಾತನ್ನು ನನಗೆ ಕನ್ನಡದಲ್ಲಿ ತಿಳಿಸಬೇಕಾದವಳು ಆ ಮಗಳೇ. ಹೇಳುವಾಗ ಅವಳ ತಲೆ ಬಗ್ಗಿಹೋಗಿತ್ತು. ಬಹುಪದೋಕ್ತಿಗಳ ಲೆಕ್ಕವನ್ನು ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಬಿಡಿಸುವ ಹುಡುಗಿ ಅವಳು; ಅವಳಿಗೆ ಗಣಿತ ಕಲಿಸುತ್ತಿರುವುದು ನಾನು. ಅಲ್ಲೇ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ. ತೂಕ ಕೂಡಿದಳು, 124 ಕಿಲೋ. ದರದಿಂದ ಗುಣಿಸಿದಳು, ಮುಂಗಡ ಕಳೆದಳು. ಚೀಟಿಯ ಲೆಕ್ಕ ಸರಿಯಾಗಿಯೇ ಇತ್ತು. ಸರಿ ಇದೆ ಎಂದು ಮಗಳು ತಮ್ಮ ಭಾಷೆಯಲ್ಲಿ ಹೇಳಿದಾಗ ಆ ತಾಯಿ ಚೀಟಿಯನ್ನು ಮತ್ತೆ ಮಡಚಿ, ನಿಧಾನವಾಗಿ ಸೆರಗಿಗೆ ಕಟ್ಟಿಕೊಂಡರು.

ಆಮೇಲೆ ಮಾತು ತಾನಾಗಿ ಬಂತು. ಸಂಜೆ ವಿಶೇಷ ತರಗತಿ ಎಂದು ಚಾರ್ಟಿನಲ್ಲಿದ್ದುದಕ್ಕೆ ಹಲವರು ಒಟ್ಟಿಗೇ ಬೇಡವೆಂದರು. ಕತ್ತಲಾಗುವ ಹೊತ್ತಿಗೆ ತೋಟದ ದಾರಿಯಲ್ಲಿ ಆನೆ ಇರುತ್ತದೆ, ಮಕ್ಕಳನ್ನು ಕರೆತರಲು ನಾವು ಕಣ ಬಿಟ್ಟು ಬರುವುದು ಹೇಗೆ ಎಂದು ಕೇಳಿದರು. ಆನೆಯ ಸುದ್ದಿಯಿಲ್ಲದ ವಾರವೇ ಇಲ್ಲದ ಊರಿನಲ್ಲಿ ಇದು ನಮಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆ ತರಗತಿಯನ್ನು ಮಧ್ಯಾಹ್ನದ ಊಟದ ಬಿಡುವಿಗೆ ತಂದೆವು. ಕೊಯ್ಲಿನ ಕಾಲದಲ್ಲಿ ಕೂಸನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯರು ಮನೆಯಲ್ಲೇ ಉಳಿಯುವ ವಿಷಯಕ್ಕೆ ಅಂದು ದಾರಿ ಸಿಗಲಿಲ್ಲ; ಇಂದಿಗೂ ಪೂರ್ತಿ ಸಿಕ್ಕಿಲ್ಲ.

ನೂರಕ್ಕೆ ನೂರು ಎಂಬ ಸಾಲನ್ನು ಅಳಿಸೋಣವೆಂದು ನಾನೇ ಅಂದೆ. ಹಿಂದೆ ನಿಂತಿದ್ದ ಮೇಸ್ತ್ರಿಯೊಬ್ಬರು ತಡೆದರು. “ಅಳಿಸಬೇಡಿ ಟೀಚರ್. ನನ್ನ ಮಗ ಫೇಲಾದರೆ ನಾಳೆಯಿಂದ ಅವನೂ ಇದೇ ಕಣದಲ್ಲಿ.” ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಸಾಲು ಉಳಿಯಿತು. ಅದರ ಮೇಲೆ, ತಾಯಂದಿರು ಹೇಳಿದಂತೆ, ಆ ಹುಡುಗಿ ಇನ್ನೊಂದು ಸಾಲು ಬರೆದಳು: ‘ಶಾಲೆ ಮುಗಿಸುವ ಪ್ರತಿ ಮಗುವಿಗೂ ತನ್ನ ಮನೆಗೆ ಬರುವ ಚೀಟಿ ಓದಿ ಲೆಕ್ಕ ಹಾಕಲು ಬರಬೇಕು.’

ಸೋಮವಾರ ಒಂಬತ್ತನೇ ತರಗತಿಗೆ ಹೋದಾಗ ನನ್ನ ಮೇಜಿನ ಮೇಲೆ ಹದಿನಾಲ್ಕು ಚೀಟಿಗಳಿದ್ದವು. ಕೆಲವು ಮಡಿಕೆಯಲ್ಲಿ ಹರಿದಿದ್ದವು, ಒಂದಕ್ಕೆ ಹಣ್ಣಿನ ಕಲೆ ಹತ್ತಿತ್ತು. ಪಠ್ಯಪುಸ್ತಕವನ್ನು ಬದಿಗಿಟ್ಟು ಮೊದಲ ಚೀಟಿಯ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ.