ಸುಣ್ಣದ ಗೆರೆಯ ಆ ಕಡೆ

ಕಾಲೇಜಿನಲ್ಲಿ ನಾನು ಕಬಡ್ಡಿ ಟೀಮಿನಲ್ಲಿ ಇದ್ದವನಲ್ಲ. ಅಂಕಣಕ್ಕೆ ಗೆರೆ ಎಳೆಯುತ್ತಿದ್ದವನು.

2001ರಿಂದ 2004ರವರೆಗೆ ದಾವಣಗೆರೆಯಲ್ಲಿ ಬಿ.ಕಾಂ. ಓದಿದೆ. ಊರು ಹರಪನಹಳ್ಳಿ ಕಡೆ, ಹಾಗಾಗಿ ಹಾಸ್ಟೆಲ್. ಚಿಕ್ಕಂದಿನಲ್ಲಿ ಎತ್ತಿನ ಗಾಡಿಯಿಂದ ಬಿದ್ದು ಮೊಣಕಾಲು ಮುರಿದಿತ್ತು, ಆಡುವ ಹಾಗಿರಲಿಲ್ಲ. ಆದರೆ ಸಂಜೆ ಐದು ಗಂಟೆ ಆದರೆ ಹಾಸ್ಟೆಲ್ ರೂಮಿನಲ್ಲಿ ಕೂರಲು ಆಗುತ್ತಿರಲಿಲ್ಲ, ಮೈದಾನದಲ್ಲಿ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ನಮ್ಮ ಪಿ.ಡಿ. ಸರ್, ಅಂದರೆ ಆಟ ಕಲಿಸುವ ದೈಹಿಕ ಶಿಕ್ಷಣದ ಮೇಷ್ಟ್ರು, ನೋಡಿ, 'ಸುಮ್ನೆ ನಿಂತಿರೋ ಬದಲು ಈ ಟೇಪ್ ಹಿಡ್ಕೋ ಬಾರಪ್ಪ' ಎಂದರು. ಅವತ್ತಿನಿಂದ ಮೂರು ವರ್ಷ ಅದು ನನ್ನ ಕೆಲಸವಾಯಿತು.

ಮಣ್ಣಿನ ಅಂಕಣಕ್ಕೆ ಗೆರೆ ಹಾಕುವುದು ಸುಲಭ ಅಂದುಕೊಳ್ಳಬೇಡಿ. ಹಿಂದಿನ ದಿನವೇ ಮಣ್ಣು ಕೆದರಿ, ಕಲ್ಲು ಆರಿಸಿ, ನೀರು ಹೊಡೆದು ಬಿಡಬೇಕು. ಬೆಳಿಗ್ಗೆ ಹೊತ್ತಿಗೆ ಹದ ಬಂದಿರುತ್ತದೆ. ನಾಲ್ಕು ಮೂಲೆಗೆ ಗೂಟ ಹೊಡೆದು ಹುರಿ ಕಟ್ಟಬೇಕು. ಗಂಡಸರ ಅಂಕಣ ಉದ್ದ 13 ಮೀಟರ್, ಅಗಲ 10 ಮೀಟರ್. ನಾಲ್ಕೂ ಬದಿ ಅಳತೆ ಸರಿ ಇದ್ದರೂ ಮೂಲೆ ಸೊಟ್ಟ ಆಗಿರಬಹುದು. ಅದಕ್ಕೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಬೇಕು. ಎರಡೂ ಕಡೆ 16 ಮೀಟರ್ 40 ಸೆಂಟಿಮೀಟರ್ ಬಂದರೆ ಸರಿ. ಆಮೇಲೆ ನಡುಗೆರೆ. ಅಲ್ಲಿಂದ ಮೂರೂ ಮುಕ್ಕಾಲು ಮೀಟರಿಗೆ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಲೈನ್. ನಮ್ಮಲ್ಲಿ ಒಂದು ಹಳೇ ಡಾಲ್ಡಾ ಡಬ್ಬಿ ಇತ್ತು, ತಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದೆವು. ಅದಕ್ಕೆ ಸುಣ್ಣದ ಪುಡಿ ತುಂಬಿ, ಹುರಿಯ ಗುಂಟ ಕುಕ್ಕರುಗಾಲಲ್ಲಿ ಸರಿಯುತ್ತಾ ಮೆಲ್ಲಗೆ ತಟ್ಟಬೇಕು. ಜೋರಾಗಿ ತಟ್ಟಿದರೆ ಗೆರೆ ದಪ್ಪ. ಗಾಳಿ ಬೀಸಿದರೆ ಮಸುಕು. ಬೆರಳ ಸಂದಿಯಲ್ಲಿ ಸುಣ್ಣ ಸೇರಿಕೊಂಡು ಉರಿಯುತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆ. ಹುಡುಗರು ನನಗೆ 'ಸುಣ್ಣ' ಅಂತಲೇ ಹೆಸರಿಟ್ಟರು. ಆ ಹೆಸರು ನನಗೆ ತುಂಬಾ ಇಷ್ಟ.

ಆಗ 'ನಮ್ಮವರು' ಅಂದರೆ ನಮ್ಮ ಕಾಲೇಜಿನ ನೀಲಿ ಜರ್ಸಿ. ಅದರಲ್ಲಿ ಎರಡು ಮಾತೇ ಇರಲಿಲ್ಲ. ಎದುರಾಳಿ ಅಂದರೆ ಊರಿನ ಇನ್ನೊಂದು ಕಾಲೇಜಿನ ಹಸಿರು ಜರ್ಸಿ. ಎರಡರ ಹೆಸರೂ ಇಲ್ಲಿ ಬರೆಯುವುದಿಲ್ಲ. ಆಗ ಓದಿದವರಿಗೆ ಜರ್ಸಿ ಬಣ್ಣ ಹೇಳಿದರೆ ಸಾಕು. ಹಸಿರಿನವರಲ್ಲಿ ಒಬ್ಬ ರೈಡರ್ ಇದ್ದ, ಅಂದರೆ ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು, ಜರ್ಸಿ ನಂಬರ್ ಏಳು. ಅವನು ರೈಡಿಗೆ ಹೊರಟರೆ ಅವರ ಕಡೆಯವರೆಲ್ಲ 'ಏಳು! ಏಳು!' ಅಂತ ಕೂಗುತ್ತಿದ್ದರು. ನಮ್ಮವರು ಅವನನ್ನು ಹಿಡಿದು ಕೆಡವಿದಾಗ ನಾವೂ ಅದನ್ನೇ ಕೂಗುತ್ತಿದ್ದೆವು, 'ಏಳು! ಏಳಲೇ ಮೇಲೆ!' ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒಂದು ಮಾತೂ ಆಡದವನ ಮೇಲೆ ಅಷ್ಟು ಸಿಟ್ಟು ಹೇಗೆ ಬರುತ್ತದೋ. ಆದರೆ ಬರುತ್ತಿತ್ತು, ನಿಜವಾಗಿಯೂ.

ಎರಡನೇ ವರ್ಷದ ಅಂತರ ಕಾಲೇಜು ಫೈನಲ್ ನಮ್ಮ ಮೈದಾನದಲ್ಲೇ ನಡೆಯಿತು. ನಾನೇ ಎಳೆದ ಗೆರೆ. ಕೊನೇ ನಿಮಿಷಕ್ಕೆ ಎರಡೂ ಕಡೆ 27. ಏಳನೇ ನಂಬರ್ ರೈಡಿಗೆ ಬಂದ. ಅಂಕಣದಲ್ಲಿ ನಮ್ಮವರು ಆರು ಜನ. ಆರು ಜನ ಇದ್ದರೆ ಬೋನಸ್ ಇರುತ್ತದೆ, ಅಂದರೆ ಯಾರನ್ನೂ ಮುಟ್ಟಬೇಕಾಗಿಲ್ಲ. ಒಂದು ಕಾಲು ಬೋನಸ್ ಗೆರೆ ದಾಟಿ, ಇನ್ನೊಂದು ಕಾಲು ಗಾಳಿಯಲ್ಲಿದ್ದರೆ ಒಂದು ಪಾಯಿಂಟ್. ಅವನು ಎಡಗಡೆ ಮೂಲೆಗೆ ಜಾರಿದ, ಕಾಲು ಚಾಚಿದ, ಹಿಂದಕ್ಕೆ ಹಾರಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಅಂಪೈರ್ ಬೋನಸ್ ಕೊಟ್ಟರು.

ನಮ್ಮ ಕಡೆ ಗಲಾಟೆ ಎದ್ದಿತು. ಗೆರೆ ಮುಟ್ಟಿದ್ದಾನೆ ಅಷ್ಟೇ, ದಾಟಿಲ್ಲ ಅಂತ. ಕ್ಯಾಪ್ಟನ್ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದ. 'ಗೆರೆ ಹಾಕಿದವನು ಇವನು ಸರ್, ಇವನನ್ನೇ ಕೇಳಿ.' ನಾನು ಬಗ್ಗಿ ನೋಡಿದೆ. ಒದ್ದೆ ಮಣ್ಣಿನ ಮೇಲೆ ಬಿಳಿ ಗೆರೆ. ಅದರಾಚೆ ಹೆಬ್ಬೆರಳು, ಅದರ ಪಕ್ಕದ ಬೆರಳು, ಅಂಗಾಲಿನ ಮುಂಭಾಗ ಅಚ್ಚು ಒತ್ತಿದ ಹಾಗೆ ಮೂಡಿತ್ತು. ಹೆಬ್ಬೆರಳಿನ ಗುಳಿಯೊಳಗೆ ಒಂದು ಚಿಟಿಕೆಯಷ್ಟು ಸುಣ್ಣ ಬಿದ್ದಿತ್ತು. ಗೆರೆ ಎಲ್ಲೂ ಕೆಟ್ಟಿರಲಿಲ್ಲ. ಅವನು ಅದರ ಮೇಲಿಂದ ಹಾಯಿಸಿ ಆ ಕಡೆ ಕಾಲಿಟ್ಟಿದ್ದ.

'ದಾಟಿದೆ' ಎಂದೆ.

ಒಂದು ಪಾಯಿಂಟಿನಲ್ಲಿ ಸೋತೆವು. ಒಂದು ತಿಂಗಳು ಹಾಸ್ಟೆಲಿನಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೆಸ್ಸಿನಲ್ಲಿ ನಾನು ತಟ್ಟೆ ಇಟ್ಟರೆ ಪಕ್ಕದವನು ತನ್ನ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ. ರಾತ್ರಿ ಮಲಗಿದಾಗ ನನಗೂ ಅನುಮಾನ ಬರುತ್ತಿತ್ತು. ನಾನು ನೋಡಿದ್ದು ಸರಿ ಅಂತ ಗೊತ್ತಿತ್ತು, ಆದರೆ ಬಾಯಿ ಬಿಟ್ಟಿದ್ದು ಸರಿಯಾ? ಸುಮ್ಮನಿದ್ದಿದ್ದರೆ ಅಂಪೈರ್ ಹೇಗೂ ಪಾಯಿಂಟ್ ಕೊಡುತ್ತಿದ್ದರು, ನನ್ನ ಜನ ನನ್ನ ಜೊತೆಗಿರುತ್ತಿದ್ದರು.

ಆಮೇಲೆ ಆದದ್ದು ಇನ್ನೂ ವಿಚಿತ್ರ. ಅಂತರ ಕಾಲೇಜು ಮುಗಿದ ಮೇಲೆ ಯೂನಿವರ್ಸಿಟಿ ಟೀಮಿನ ಆಯ್ಕೆ ಇರುತ್ತದೆ. ದಾವಣಗೆರೆ ವಿಶ್ವವಿದ್ಯಾಲಯ ಆಗಿದ್ದು 2009ರಲ್ಲಿ. ನಮ್ಮ ಕಾಲಕ್ಕೆ ಎಲ್ಲ ಕುವೆಂಪು ವಿಶ್ವವಿದ್ಯಾಲಯ, ಭದ್ರಾವತಿ ಹತ್ತಿರದ ಶಂಕರಘಟ್ಟ. ನಮ್ಮ ಕಾಲೇಜಿನ ಇಬ್ಬರು ಆಯ್ಕೆಯಾದರು. ಏಳನೇ ನಂಬರಿನವನೂ ಆದ. ಕ್ಯಾಂಪ್ ನೋಡಲು ಹತ್ತು ಜನ ಬಸ್ ಹತ್ತಿದೆವು. ಅಷ್ಟೊತ್ತಿಗೆ ನನ್ನ ಜೊತೆ ಮಾತು ಶುರುವಾಗಿತ್ತು, ಅರ್ಧಂಬರ್ಧ. ಅಲ್ಲಿ ಭದ್ರಾವತಿಯ ಒಂದು ಟೀಮಿನ ಜೊತೆ ಪ್ರಾಕ್ಟೀಸ್ ಮ್ಯಾಚ್. ಅವನು ಮೊದಲ ರೈಡಿಗೇ ಇಬ್ಬರನ್ನು ಮುಟ್ಟಿ ಬಂದ. ನನ್ನ ಪಕ್ಕದಲ್ಲಿ ನಿಂತಿದ್ದವನು, ಮೆಸ್ಸಿನಲ್ಲಿ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದನಲ್ಲ, ಅವನೇ ಗಂಟಲು ಹರಿಯುವ ಹಾಗೆ ಕೂಗಿದ, 'ಏಳು! ಏಳು!' ನಾನೂ ಕೂಗಿದೆ. ಎರಡು ತಿಂಗಳ ಹಿಂದೆ ಅದೇ ಮಾತು ಬೈಗುಳವಾಗಿತ್ತು.

ಅವತ್ತು ಸಂಜೆ ಅವನೇ ಬಂದು ಮಾತಾಡಿಸಿದ. 'ನೀನೇ ಅಲ್ವೇನಲೇ ಆ ಸುಣ್ಣ?' ಅಲ್ಲಿಂದ ಶುರುವಾದ ಗೆಳೆತನ ಇವತ್ತಿಗೂ ಇದೆ. ಈಗ ಅವನದು ಹರಿಹರದಲ್ಲಿ ಬೀಜ, ಗೊಬ್ಬರದ ಅಂಗಡಿ. ನನ್ನದು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವ ಕೆಲಸ.

ಡಿಗ್ರಿ ಮುಗಿದ ಮೇಲೆ ಎರಡು ಮೂರು ವರ್ಷ ನಮ್ಮ ಕಾಲೇಜಿನ ಮ್ಯಾಚ್ ಎಲ್ಲಿದ್ದರೂ ಹೋಗುತ್ತಿದ್ದೆ. ಹೈಸ್ಕೂಲ್ ಮೈದಾನದಲ್ಲಿ ಮಂಡಕ್ಕಿ, ಮಿರ್ಚಿ ಪೊಟ್ಟಣ ಹಿಡಿದು ನಿಂತು ನೋಡುತ್ತಿದ್ದೆ. ಆಮೇಲೆ ಒಂದು ವರ್ಷ ಹೋದಾಗ ನೀಲಿ ಜರ್ಸಿಯಲ್ಲಿ ಒಬ್ಬನೂ ಗುರುತಿನವನಿರಲಿಲ್ಲ. ಪಿ.ಡಿ. ಸರ್ ಕೂಡ ನಿವೃತ್ತರಾಗಿದ್ದರು. ಕೂಗಲು ಹೋದರೆ ಯಾರ ಹೆಸರು ಕೂಗಲಿ? ಅರ್ಧ ಮ್ಯಾಚಿಗೆ ಎದ್ದು ಬಂದೆ. ಅವತ್ತು ಅನಿಸಿತು, ನಾನು ಹಚ್ಚಿಕೊಂಡಿದ್ದು ಕಾಲೇಜನ್ನಾ, ಆ ಏಳು ಜನರನ್ನಾ? ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

ನಮ್ಮ ಕಡೆಯವರಿಗೆ 'ನಮ್ಮವರು' ಅನ್ನುವುದು ಬದಲಾಗುವುದು ಹೊಸದೇನಲ್ಲ. ಹರಪನಹಳ್ಳಿಯನ್ನೇ ನೋಡಿ. ನಾನು ಹುಟ್ಟಿದಾಗ ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ನಮ್ಮನ್ನು ಇಲ್ಲಿಗೆ ಸೇರಿಸಿದರು. 2018ರಲ್ಲಿ ವಾಪಸ್ ಬಳ್ಳಾರಿ. 2021ರಲ್ಲಿ ವಿಜಯನಗರ. ನನ್ನ ಅಣ್ಣನ ಮಕ್ಕಳಲ್ಲಿ ದೊಡ್ಡವನು ಹೈಸ್ಕೂಲಿನಲ್ಲಿ ದಾವಣಗೆರೆ ಜಿಲ್ಲಾ ಟೀಮಿಗೆ ಖೋಖೋ ಆಡಿದ. ಅದೇ ಮನೆಯ ಚಿಕ್ಕವನು ಈಗ ದಾವಣಗೆರೆ ಹೆಸರೇ ಇಲ್ಲದ ಜಿಲ್ಲೆಗೆ ಆಡುತ್ತಾನೆ. ದಾವಣಗೆರೆಯೂ ಅಷ್ಟೇ, 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ನಮ್ಮ ಸೀನಿಯರುಗಳು ದುರ್ಗದ ಹೆಸರು ಹೊತ್ತು ಆಡಿದವರು.

ಕ್ರಿಕೆಟ್ಟಿನಲ್ಲಿ ನನಗೆ ಇನ್ನೊಂದು ರೀತಿ ಆಯಿತು. ವಿನಯ್ ಕುಮಾರ್ ನಮ್ಮೂರ ಹುಡುಗ, 'ದಾವಣಗೆರೆ ಎಕ್ಸ್‌ಪ್ರೆಸ್'. ಅವರು ಕ್ಯಾಪ್ಟನ್ ಆಗಿ ಕರ್ನಾಟಕಕ್ಕೆ 2013-14ರಲ್ಲಿ, 2014-15ರಲ್ಲಿ ಸತತವಾಗಿ ರಣಜಿ ಗೆದ್ದುಕೊಟ್ಟರು. 2019ರಲ್ಲಿ ಅವರು ಪುದುಚೇರಿಗೆ ಆಡಲು ಹೋದಾಗ ನಾನು ಬೆಳಿಗ್ಗೆ ಪೇಪರಿನಲ್ಲಿ ಮೊದಲು ಪುದುಚೇರಿ ಸ್ಕೋರ್ ಹುಡುಕಲು ಶುರುಮಾಡಿದೆ. ಕರ್ನಾಟಕದ ಮೇಲೆ ಪ್ರೀತಿ ಕಡಿಮೆ ಆಯಿತು ಅಂತಲ್ಲ. ಆ ಮನುಷ್ಯನನ್ನು ಬಿಡಲು ಮನಸ್ಸಾಗಲಿಲ್ಲ.

ಮಗಳೂ ಹಾಗೇ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದಾಗ ಅವಳು ಇನ್ನೂ ಸಣ್ಣವಳು. ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಪಾಯಿಂಟ್ ತಂದಿದ್ದನ್ನು ನೋಡಿ, ಮರುದಿನವೇ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆದು ತಂಗಿಯನ್ನು ಎದುರಿಗೆ ನಿಲ್ಲಿಸಿಕೊಂಡಳು. 2022ರಲ್ಲಿ ಪವನ್ ತಮಿಳ್ ತಲೈವಾಸ್‌ಗೆ ಹೋದಾಗ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ತಲೈವಾಸ್ ಮ್ಯಾಚ್ ಯಾವಾಗ ಅಂತ ಕೇಳಿದಳು.

ಅವಳು ಕಾಲೇಜಿಗೆ ಸೇರುವ ಹೊತ್ತು ಬಂತು. 'ಅಪ್ಪಾಜಿ, ಹುಡುಗೀರ ಟೀಮ್ ಗಟ್ಟಿ ಇರೋದು ಅಲ್ಲೇ' ಅಂತ ಹೇಳಿ ಆ ಇನ್ನೊಂದು ಕಾಲೇಜಿಗೇ ಸೇರಿದಳು. ನಾನು ಬೇಡ ಅನ್ನಲಿಲ್ಲ. ಆದರೆ ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋದರೆ ನಮ್ಮ ಮನೆ ತಂತಿಯ ಮೇಲೆ ಹಸಿರು ಜರ್ಸಿ ಒಣಗುತ್ತಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಬಿಸಿಲಿಗೆ ಬಣ್ಣ ಹೋಗುತ್ತದೆ ಅಂತ ಒಳಮಗ್ಗುಲು ತಿರುವಿ ಹಾಕಿ ಬಂದೆ.

ಕಳೆದ ತಿಂಗಳು ಅವಳ ಕಾಲೇಜಿಗೂ ನನ್ನ ಕಾಲೇಜಿಗೂ ಸೆಮಿಫೈನಲ್ ಬಿತ್ತು. ಹರಿಹರದಿಂದ ಏಳನೇ ನಂಬರಿನವನೂ ಬಂದಿದ್ದ. ಅವನ ತಲೆ ಪೂರ್ತಿ ಬೆಳ್ಳಗಾಗಿದೆ, ಕೂಗು ಮಾತ್ರ ಹಾಗೇ ಇದೆ. ಅವನ ಹಳೇ ಕಾಲೇಜು, ನನ್ನ ಮಗಳು, ಹಾಗಾಗಿ ಇಬ್ಬರೂ ಹಸಿರಿನ ಕಡೆ ಕೂತೆವು. ಈಗ ಎಲ್ಲ ಮ್ಯಾಟ್. ಹುಡುಗಿಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಸುಣ್ಣ ಇಲ್ಲ, ಹುರಿ ಇಲ್ಲ, ನೀರು ಹೊಡೆದ ಮಣ್ಣಿನ ವಾಸನೆ ಇಲ್ಲ. ಬೀಳುವ ಮಕ್ಕಳ ಮೊಣಕೈ ತರಚುವುದೂ ಕಡಿಮೆ, ಅದು ಒಳ್ಳೆಯದೇ.

ನಾನು ಪೂರ್ತಿ ಮಗಳ ಕಡೆ ಅಂದುಕೊಂಡೇ ಹೋಗಿದ್ದೆ. ಆದರೆ ನೀಲಿ ಜರ್ಸಿಯ ಹುಡುಗಿಯರು ಸಾಲಾಗಿ ಓಡಿ ಬಂದು, ಮ್ಯಾಟ್ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಕಾಲಿಟ್ಟರಲ್ಲ, ಗಂಟಲು ಕಟ್ಟಿತು. ನಾನು ಗೆರೆ ಎಳೆಯುವಾಗ ಆ ಮಕ್ಕಳು ಹುಟ್ಟೇ ಇರಲಿಲ್ಲ. ಒಬ್ಬಳ ಹೆಸರೂ ಗೊತ್ತಿಲ್ಲ. ಆದರೂ ಅವರ ರೈಡರ್ ಬಿದ್ದಾಗ ನನ್ನ ಬಾಯಲ್ಲಿ 'ಏಳವ್ವಾ' ಅಂತ ಬಂತು. ಪಕ್ಕದವನು ತಿರುಗಿ ನೋಡಿದ, ಏನೂ ಅನ್ನಲಿಲ್ಲ. ನನ್ನ ಬೆನ್ನ ಮೇಲೆ ಕೈ ಇಟ್ಟ.

ಎರಡನೇ ಅರ್ಧದಲ್ಲಿ ಅದೇ ಹುಡುಗಿ ಮಗಳ ಮೂಲೆಗೆ ಬಂದಳು. ಮಗಳದು ಲೆಫ್ಟ್ ಕಾರ್ನರ್. ಹುಡುಗಿ ಕಾಲು ಚಾಚಿದಳು, ಎಳೆದುಕೊಂಡಳು. ಅಂಪೈರ್ ಬೋನಸ್ ಕೊಟ್ಟರು. ಮಗಳು ತಕ್ಷಣ ಕೈ ಎತ್ತಿ ಇಲ್ಲ ಇಲ್ಲ ಅಂದಳು. ಹಸಿರಿನವರೆಲ್ಲ ಅಂಪೈರ್ ಸುತ್ತ ಸೇರಿದರು. ಮ್ಯಾಟ್ ಮೇಲೆ ಬೆರಳಿನ ಗುರುತು ಉಳಿಯುವುದಿಲ್ಲ. ಬಗ್ಗಿ ನೋಡಲು ಅಲ್ಲೇನೂ ಇರಲಿಲ್ಲ.

'ದಾಟಿತಲೇ ಸುಣ್ಣ' ಎಂದ ಗೆಳೆಯ, ನನಗೆ ಮಾತ್ರ ಕೇಳುವ ಹಾಗೆ. ಅವನ ಹಳೇ ಕಾಲೇಜಿನ ಪಾಯಿಂಟ್ ಹೋಗುವ ಮಾತು ಅದು. ನಾನೂ ನೋಡಿದ್ದೆ. ಈ ಸಲ ಬಾಯಿ ಬಿಡಲಿಲ್ಲ.

ಪಾಯಿಂಟ್ ಹಾಗೇ ಉಳಿಯಿತು, ಕೊನೆಗೆ ಹಸಿರಿನವರೇ ನಾಲ್ಕು ಪಾಯಿಂಟಿನಲ್ಲಿ ಗೆದ್ದರು. ಸಂಜೆ ಮೂವರೂ ಬೆಣ್ಣೆ ದೋಸೆ ತಿನ್ನಲು ಹೋದೆವು. ಮಗಳು ಮೊದಲನೇ ದೋಸೆ ಮಾತಿಲ್ಲದೆ ಮುಗಿಸಿದಳು. ಆಮೇಲೆ ಕೈಯಲ್ಲಿದ್ದ ಚಟ್ನಿ ನೆಕ್ಕುತ್ತಾ, ನನ್ನ ಕಡೆ ನೋಡದೆ ಹೇಳಿದಳು.

'ಆ ಬೋನಸ್ ಇತ್ತಲ್ಲ ಅಪ್ಪಾಜಿ, ಅದು ದಾಟಿತ್ತು. ಎಲ್ಲರಿಗಿಂತ ಹತ್ರ ನಾನೇ ಇದ್ನಲ್ಲ, ನಂಗೊತ್ತು. ಹಂಗಂತ ಕೈ ಎತ್ತದೆ ಇರಕ್ಕಾಗುತ್ತಾ? ನಮ್ಮವರಲ್ವಾ?'

ಗೆಳೆಯ ನನ್ನ ಮುಖ ನೋಡಿದ. ನಾನು ಅವಳಿಗೆ ಇನ್ನೊಂದು ದೋಸೆ ಹೇಳಿದೆ.